ಆಫೀಸು ಮನೆಯಾಗಬಹುದೇ?

ನನ್ನ ಮೊಮ್ಮಗಳು ಆರನೇ ಕ್ಲಾಸು. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳನ್ನು ನೋಡಿ ಅವಳು ಕೇಳಿದ್ದು ಒಂದೇ ಪ್ರಶ್ನೆ: "ತಾತ, ರಾತ್ರಿ ಇಲ್ಲಿ ಯಾರಿರ್ತಾರೆ?" ಕಾವಲುಗಾರರು, ರಾತ್ರಿ ಪಾಳಿಯವರು ಎಂದೆ. "ಹಾಗಾದ್ರೆ ಮನೆ ಇಲ್ಲದವರಿಗೆ ಕೊಡಬಹುದಲ್ಲ?" ಎಂದಳು. ಸಣ್ಣ ಪ್ರಶ್ನೆಯೇನಲ್ಲ. ದೊಡ್ಡ ದೊಡ್ಡ ದೇಶಗಳೂ ಇದನ್ನೇ ಕೇಳಿಕೊಳ್ಳುತ್ತಿವೆ.

ಮೊದಲು ಈ ಊರುಗಳ ಕಥೆ ತಿಳಿಯೋಣ. ವೈಟ್‌ಫೀಲ್ಡ್ ಹುಟ್ಟಿದ್ದೇ ಮನೆಗಳಿಂದ. ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರ್ 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ನೆಲೆಸಲೆಂದು ಅಲ್ಲಿ ಭೂಮಿ ಕೊಟ್ಟರು. ಅವರ ಮುಖಂಡ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ಐಟಿ ಪಾರ್ಕ್ ಬಂದದ್ದು ನೂರು ವರ್ಷ ಕಳೆದ ಮೇಲೆ, 1990ರ ದಶಕದಲ್ಲಿ. ಎಲೆಕ್ಟ್ರಾನಿಕ್ ಸಿಟಿಯ ಕಥೆ ಬೇರೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಅದನ್ನು ಆರಂಭಿಸಿತು. ಆ ಕನಸು ಕಂಡವರು ಆರ್. ಕೆ. ಬಾಳಿಗಾ. ಅಲ್ಲಿ ಮೊದಲು ಬಂದದ್ದು ಕೆಲಸ, ಮನೆಗಳಲ್ಲ.

ನಾನು ದುಡಿದದ್ದು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ಪಕ್ಕದಲ್ಲೇ ದಾಸರಹಳ್ಳಿ, ಲಗ್ಗೆರೆ. ನಮ್ಮಲ್ಲಿ ಬಹಳ ಮಂದಿ ಅಲ್ಲೇ ಬಾಡಿಗೆಗಿದ್ದು, ಬುತ್ತಿ ಹಿಡಿದು ನಡೆದೇ ಬರುತ್ತಿದ್ದರು. ಕೆಲಸ ಮುಗಿದ ಮೇಲೂ ಬೀದಿಯಲ್ಲಿ ತರಕಾರಿ ಗಾಡಿ, ಹೂವಿನವರು, ಆಡುವ ಮಕ್ಕಳು. ಹತ್ತಿರದಲ್ಲಿ ಜನ ವಾಸವಿದ್ದರೆ ಬೀದಿ ಬೇಗ ಮಲಗುವುದಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂತು. ಲೇತ್ ಮೆಷಿನ್ನನ್ನು ಮನೆಗೆ ಹೊತ್ತು ತರಲಾದೀತೇ? ಪೀಣ್ಯದ ಕೆಲಸ ನಿಂತೇ ಹೋಯಿತು. ಎಷ್ಟೋ ಕಾರ್ಮಿಕರು ಊರಿಗೆ ಹೊರಟರು. ಐಟಿಯವರು ಲ್ಯಾಪ್‌ಟಾಪ್ ಹಿಡಿದು ಮನೆ ಸೇರಿದರು. ನನ್ನ ಮಗ ಊಟದ ಮೇಜಿನ ಮೇಲೆ, ಸೊಸೆ ಮಂಚದ ಮೇಲೆ ಆಫೀಸು ನಡೆಸಿದರು. ಆಫೀಸು ಮನೆಯಾಗುವ ಮೊದಲು ಮನೆಯೇ ಆಫೀಸಾಯಿತು! ಅತ್ತ ಪಿಜಿಗಳು ಖಾಲಿ. ಟೀ ಅಂಗಡಿ, ಆಟೊ, ಕ್ಯಾಬ್ ನಂಬಿದವರ ಒಲೆ ಆರಿತು.

ಸೋಂಕು ತಗ್ಗಿದ ಮೇಲೂ ಅಮೆರಿಕದ ಹಲವು ನಗರಗಳಲ್ಲಿ ಆಫೀಸುಗಳು ಪೂರ್ತಿ ತುಂಬಲಿಲ್ಲ. ಹಾಗಾಗಿ ಕೆಲವನ್ನು ಮನೆಗಳಾಗಿ ಬದಲಿಸತೊಡಗಿದರು. ನ್ಯೂಯಾರ್ಕ್‌ನ ವಾಟರ್ ಸ್ಟ್ರೀಟ್‌ನಲ್ಲಿ ಒಂದೇ ದೊಡ್ಡ ಆಫೀಸು ಕಟ್ಟಡ 1,300ಕ್ಕೂ ಹೆಚ್ಚು ಮನೆಗಳಾಯಿತು.

ಗೋಡೆ ಎಬ್ಬಿಸಿಬಿಟ್ಟರೆ ಮನೆ ಆಗುವುದಿಲ್ಲ, ಮಕ್ಕಳೇ. ಆಫೀಸಿನ ಮಹಡಿ ಬಲು ಅಗಲ. ನಡುಭಾಗಕ್ಕೆ ಕಿಟಕಿಯೇ ಇರುವುದಿಲ್ಲ, ಹಗಲಲ್ಲೂ ದೀಪ ಬೇಕು. ಎಷ್ಟೋ ಕಡೆ ಗಾಜು ತೆರೆಯಲು ಬರುವುದಿಲ್ಲ, ಏಸಿ ನಿಂತರೆ ಸೆಕೆ. ಶೌಚಾಲಯಗಳೆಲ್ಲ ಲಿಫ್ಟಿನ ಬಳಿ ಒಂದೇ ಕಡೆ. ಆದರೆ ಪ್ರತಿ ಮನೆಗೂ ಅಡುಗೆಮನೆ, ಬಚ್ಚಲು, ಕೊಳವೆ ಬೇಕಲ್ಲ? ವಾಟರ್ ಸ್ಟ್ರೀಟ್‌ನಲ್ಲಿ ಎಂಜಿನಿಯರುಗಳು ಕಟ್ಟಡದ ನಡುವೆಯೇ ಬಾವಿಯಂತೆ ಕೊರೆದು ಬೆಳಕು ತಂದರು.

ಇದನ್ನು ಓದಿದಾಗ ನನಗೆ ನಮ್ಮ ತೊಟ್ಟಿ ಮನೆ ನೆನಪಾಯಿತು. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಜಗಲಿ, ಕೋಣೆಗಳು. ಬೆಳಕು, ಗಾಳಿ, ಮಳೆ ನೀರು ಎಲ್ಲವೂ ಅಲ್ಲಿಂದಲೇ. ನಮ್ಮ ಹಿರಿಯರಿಗೆ ಗೊತ್ತಿದ್ದ ಉಪಾಯ!

ಬೆಂಗಳೂರಿನಲ್ಲಿ ಅಂಥ ಕೊರೆತಕ್ಕೆ ಯಾರೂ ಅವಸರ ಪಡಲಿಲ್ಲ. ಆಫೀಸುಗಳಿಗೆ ಬೇಡಿಕೆ ಮತ್ತೆ ಬಂತು. ಜೊತೆಗೆ, ಕೈಗಾರಿಕೆಗೆಂದು ಕೊಟ್ಟ ಜಾಗದಲ್ಲಿ ಮನಸ್ಸಿಗೆ ಬಂದಂತೆ ಮನೆ ಮಾಡುವಂತಿಲ್ಲ, ಸರ್ಕಾರದ ಒಪ್ಪಿಗೆ ಬೇಕು. ಹಾಗೆಂದು ದುಡಿಮೆಯ ಜಾಗ ರೂಪ ಬದಲಿಸುವುದು ನಮಗೆ ಹೊಸದಲ್ಲ. ಬಿನ್ನಿ ಮಿಲ್ ಇದ್ದ ಕಡೆ ಈಗ ಅಪಾರ್ಟ್‌ಮೆಂಟುಗಳಿವೆ. ಮಲ್ಲೇಶ್ವರದ ರಾಜಾ ಮಿಲ್ ಜಾಗದಲ್ಲಿ ಮಾಲ್ ಇದೆ. ಅಜ್ಜಿಯಂದಿರಿಗೆ ಇವು ಚೆನ್ನಾಗಿ ನೆನಪಿರುತ್ತವೆ.

ನಮ್ಮ ಹೊರವಲಯಕ್ಕೆ ಜೀವ ತುಂಬುತ್ತಿರುವುದು ಮೆಟ್ರೊ. ಪೀಣ್ಯಕ್ಕೆ 2014ರಲ್ಲೇ ಬಂತು. ವೈಟ್‌ಫೀಲ್ಡಿಗೆ 2023ರಲ್ಲಿ. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ತೆರೆಯಿತು: ಆರ್. ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ 16 ನಿಲ್ದಾಣ, 19 ಕಿ.ಮೀ.ಗೂ ಹೆಚ್ಚು.

ಆದರೂ ಒಂದು ಮಾತು ಉಳಿಯುತ್ತದೆ. ಆಫೀಸು ಗುಡಿಸುವ ಅಮ್ಮಂದಿರಲ್ಲಿ, ಗೇಟು ಕಾಯುವ ಅಣ್ಣಂದಿರಲ್ಲಿ ಅನೇಕರು ಬೆಳಗಿನ ಜಾವವೇ ಎದ್ದು ದೂರದಿಂದ ಬಸ್ಸು ಹಿಡಿಯುತ್ತಾರೆ. ನನಗೆ ಗೊತ್ತಿರುವ ಒಬ್ಬಾಕೆ ಆಫೀಸುಗಳ ನಡುವೆ ಇಡ್ಲಿ ಮಾರುತ್ತಾರೆ. ಶನಿವಾರ, ಭಾನುವಾರ ಅವರಿಗೆ ವ್ಯಾಪಾರವೇ ಇಲ್ಲ. ಅಲ್ಲೇ ಕೈಗೆಟುಕುವ ಬಾಡಿಗೆಯ ಮನೆಗಳಿದ್ದರೆ ಆ ಅಮ್ಮಂದಿರ ಪ್ರಯಾಣ ಉಳಿಯುತ್ತಿತ್ತು, ಈಕೆಯ ಇಡ್ಲಿ ಏಳು ದಿನವೂ ಖರ್ಚಾಗುತ್ತಿತ್ತು. ಹಳೆಯ ಆಫೀಸೇ ಮನೆಯಾಗಲಿ, ಪಕ್ಕದಲ್ಲಿ ಹೊಸ ಮನೆಯೇ ಏಳಲಿ, ಅದರಲ್ಲಿ ಇವರಿಗೂ ಪಾಲಿರಬೇಕು.

ಮಕ್ಕಳೇ, ಈ ಭಾನುವಾರ ಒಂದು ಆಟ ಆಡಿ. ನಿಮ್ಮ ಶಾಲೆಯ ಒಂದು ಮಹಡಿಯ ನಕ್ಷೆ ಬರೆಯಿರಿ. ಅದರಲ್ಲಿ ನಾಲ್ಕು ಮನೆ ಮಾಡಿ. ಎಲ್ಲ ಕೋಣೆಗೂ ಕಿಟಕಿ ಸಿಗಬೇಕು, ಎಲ್ಲ ಬಚ್ಚಲಿಗೂ ಕೊಳವೆ ಬೇಕು. ಮುಗಿದ ಮೇಲೆ ಅಜ್ಜ ಅಜ್ಜಿಗೆ ತೋರಿಸಿ. ಅವರು ಮೊದಲು ಏನು ಕೇಳುತ್ತಾರೆ ಗೊತ್ತೇ? "ಕುಡಿಯೋ ನೀರು ಎಲ್ಲಿಂದ ಬರುತ್ತೆ?" ಉತ್ತರ ಸಿದ್ಧವಿಟ್ಟುಕೊಳ್ಳಿ.