ಕ್ಯಾಬಿನೆಟ್ ಜೊತೆ ಫ್ರೀ ಬರುವ ಎಸ್‌ಎಂಪಿಎಸ್ ಎಷ್ಟು ದುಬಾರಿ?

ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೊರಟ ಯಾರನ್ನಾದರೂ ಕೇಳಿ ನೋಡಿ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಗ್ರಾಫಿಕ್ಸ್ ಕಾರ್ಡ್ ಎಷ್ಟು ಜಿಬಿ ಎಂಬುದಕ್ಕೆಲ್ಲ ಪಟಪಟನೆ ಉತ್ತರ ಬರುತ್ತದೆ. ‘ಎಸ್‌ಎಂಪಿಎಸ್ ಯಾವುದು?’ ಎಂದು ಕೇಳಿದರೆ ಮಾತ್ರ ‘ಅದು ಕ್ಯಾಬಿನೆಟ್ ಜೊತೆಗೇ ಬರುತ್ತಲ್ಲ’ ಎನ್ನುತ್ತಾರೆ. ಐವತ್ತು ಸಾವಿರದ ಯಂತ್ರಕ್ಕೆ ಅನ್ನ ಹಾಕುವ ಭಾಗ ಅದು. ಅದನ್ನೇ ಯಾರೂ ಕೇಳಿ ತರುವುದಿಲ್ಲ.

ನಾನು ಭದ್ರಾವತಿಯವಳು. ಬಿಸಿಎ ಮುಗಿಸಿ ಕೆಲಸ ಹುಡುಕುತ್ತಿದ್ದೇನೆ. ಅರ್ಜಿ ಹಾಕುತ್ತಾ ಕೂರುವ ಬದಲು ವಿಡಿಯೊ ಎಡಿಟಿಂಗ್ ಕಲಿತು ಮನೆಯಿಂದಲೇ ನಾಲ್ಕು ಕಾಸು ದುಡಿಯೋಣ ಎಂದುಕೊಂಡೆ. ಅದಕ್ಕೆ ಕಂಪ್ಯೂಟರ್ ಬೇಕಿತ್ತು. ಎರಡು ವರ್ಷ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿ ಉಳಿಸಿದ ಹಣಕ್ಕೆ ಅಮ್ಮ ಎತ್ತಿದ ಚೀಟಿ ದುಡ್ಡು ಸೇರಿ ಐವತ್ತು ಸಾವಿರವಾಗಿತ್ತು. ಇನ್ನೊಮ್ಮೆ ಕೂಡಿಸಲು ಆಗದ ದುಡ್ಡು ಅದು. ಹಾಗಾಗಿ ಪ್ರತಿ ಭಾಗವನ್ನೂ ವಿಚಾರಿಸಿಯೇ ಕೊಳ್ಳಬೇಕೆಂದು ಹಟ ಹಿಡಿದೆ.

ಶಿವಮೊಗ್ಗದ ಅಂಗಡಿಯೊಂದರಲ್ಲಿ ಬರೆದುಕೊಟ್ಟ ಪಟ್ಟಿಯನ್ನು ಮನೆಗೆ ತಂದು ಅಪ್ಪನಿಗೆ ತೋರಿಸಿದೆ. ಅಪ್ಪ ಕಾರ್ಖಾನೆಯ ಎಲೆಕ್ಟ್ರಿಕಲ್ ಸೆಕ್ಷನ್‌ನಲ್ಲಿ ಗುತ್ತಿಗೆ ಕೆಲಸ ಮಾಡಿದವರು. 1923ರಲ್ಲೇ ಕಬ್ಬಿಣದ ಕಾರ್ಖಾನೆ ಶುರುವಾದ ಊರು ನಮ್ಮದು. ಇಲ್ಲಿ ಬೀದಿಗೊಬ್ಬರಾದರೂ ಲೋಡ್, ಫ್ಯೂಸ್, ಅರ್ಥಿಂಗ್ ಎಂದು ಮಾತಾಡುವವರು ಸಿಗುತ್ತಾರೆ. ಅಪ್ಪನಿಗೆ ಪ್ರೊಸೆಸರ್ ಹೆಸರುಗಳು ತಿಳಿಯಲಿಲ್ಲ. ಕೊನೆಯ ಸಾಲಿನಲ್ಲಿದ್ದ ‘ಕ್ಯಾಬಿನೆಟ್ ವಿತ್ 450 ವಾಟ್ ಎಸ್‌ಎಂಪಿಎಸ್’ ಎಂಬುದರ ಮೇಲೆ ಬೆರಳಿಟ್ಟು, ‘ಇಷ್ಟು ವಾಟ್ ಯಾವ ವೋಲ್ಟೇಜಲ್ಲಿ ಕೊಡುತ್ತೆ ಅಂತ ಕೇಳಿದ್ಯೇನವ್ವ?’ ಎಂದರು. ಇಡೀ ವಿಷಯ ಅದೊಂದು ಪ್ರಶ್ನೆಯಲ್ಲೇ ಇತ್ತು.

ಲೇಬಲ್ ಓದುವುದು ಹೇಗೆ?

ಗೋಡೆಯ ಪ್ಲಗ್‌ನಲ್ಲಿ ಬರುವುದು 230 ವೋಲ್ಟ್‌ನ ಎಸಿ ಕರೆಂಟ್. ಕಂಪ್ಯೂಟರಿಗೆ ಬೇಕಿರುವುದು 12, 5 ಮತ್ತು 3.3 ವೋಲ್ಟ್‌ಗಳ ಡಿಸಿ. ಈ ಬದಲಾವಣೆ ಮಾಡುವ ಪೆಟ್ಟಿಗೆಯೇ ಎಸ್‌ಎಂಪಿಎಸ್, ಅಂದರೆ ಸ್ವಿಚ್ಡ್ ಮೋಡ್ ಪವರ್ ಸಪ್ಲೈ. ಕೊಡುವ ವೋಲ್ಟೇಜ್ ಶೇ 5ಕ್ಕಿಂತ ಹೆಚ್ಚು ಆಚೀಚೆ ಆಗಬಾರದು. ಅಂದರೆ 12 ವೋಲ್ಟ್ ಲೈನು 11.4ಕ್ಕಿಂತ ಇಳಿಯಬಾರದು, 12.6ಕ್ಕಿಂತ ಏರಬಾರದು.

ಇಂಟೆಲ್ 1995ರಲ್ಲಿ ಎಟಿಎಕ್ಸ್ ಮಾನದಂಡ ತಂದಾಗ ಕಂಪ್ಯೂಟರಿನ ಹೆಚ್ಚಿನ ಹೊರೆ 5 ಮತ್ತು 3.3 ವೋಲ್ಟ್ ಲೈನುಗಳ ಮೇಲಿತ್ತು. 2000ದ ಹೊತ್ತಿಗೆ ಪೆಂಟಿಯಂ 4 ಬಂದ ಮೇಲೆ ಪ್ರೊಸೆಸರಿಗೆ 12 ವೋಲ್ಟ್‌ನಿಂದಲೇ ವಿದ್ಯುತ್ ಕೊಡುವುದು ರೂಢಿಯಾಯಿತು. ಈಗ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ನಿಂತಿರುವುದು 12 ವೋಲ್ಟ್ ಮೇಲೆ. ಆದ್ದರಿಂದ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ವಾಟ್‌ಗಿಂತ, ಲೇಬಲ್ಲಿನ ಚಿಕ್ಕ ಕೋಷ್ಟಕದಲ್ಲಿ 12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಇದೆ ಎಂಬುದೇ ಮುಖ್ಯ.

ಮರುದಿನ ಅದೇ ಅಂಗಡಿಗೆ ಹೋಗಿ ಆ ಪೆಟ್ಟಿಗೆಯನ್ನು ತಿರುಗಿಸಿ ನೋಡಿದೆ. 12 ವೋಲ್ಟ್ ಕೆಳಗೆ 16 ಆಂಪಿಯರ್ ಎಂದಿತ್ತು. 12ನ್ನು 16ರಿಂದ ಗುಣಿಸಿದರೆ 192 ವಾಟ್. ಉಳಿದ ವಾಟ್‌ಗಳೆಲ್ಲ ಇಂದಿನ ಕಂಪ್ಯೂಟರ್ ಹೆಚ್ಚಾಗಿ ಬಳಸದ ಲೈನುಗಳ ಲೆಕ್ಕ. ಒಳ್ಳೆಯ 450 ವಾಟ್ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಒಂದೇ ಹೆಚ್ಚುಕಡಿಮೆ ಪೂರ್ತಿ 450 ವಾಟ್ ಕೊಡಬಲ್ಲದು. ಹೆಸರು ಒಂದೇ, ತಾಕತ್ತು ಅರ್ಧಕ್ಕಿಂತ ಕಡಿಮೆ.

‘ಎಲ್ಲರೂ ಇದನ್ನೇ ಒಯ್ಯೋದು ಮೇಡಂ, ಏನೂ ಆಗಲ್ಲ’ ಎಂದರು ಅಂಗಡಿಯವರು. ಆಫೀಸಿನಲ್ಲಿ ಬಿಲ್ ಟೈಪ್ ಮಾಡುವ ಕಂಪ್ಯೂಟರಿಗೆ ಆ ಮಾತು ನಿಜವೂ ಇರಬಹುದು. ಆದರೆ ಗಂಟೆಗಟ್ಟಲೆ ರೆಂಡರ್ ಮಾಡುವ ಯಂತ್ರದ ಕತೆ ಬೇರೆ. ನನ್ನ ಸಹಪಾಠಿಯೊಬ್ಬ ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದ. ಅವನ ಕಂಪ್ಯೂಟರಿನಲ್ಲಿದ್ದುದೂ ಇಂಥದೇ ಫ್ರೀ ಎಸ್‌ಎಂಪಿಎಸ್. ಒಂದು ಸಂಜೆ ರೆಂಡರ್ ನಡೆಯುತ್ತಿರುವಾಗಲೇ ‘ಟಪ್’ ಎಂದು ಸದ್ದಾಗಿ ಸುಟ್ಟ ವಾಸನೆ ಬಂತು. ಜೊತೆಗೆ ಮದರ್‌ಬೋರ್ಡ್ ಹೋಯಿತು, ಹಾರ್ಡ್ ಡಿಸ್ಕ್ ಕೂಡ ಹೋಯಿತು. ಅದರೊಳಗೆ ಯಾರದೋ ಮನೆಯ ಧಾರೆಯ ದೃಶ್ಯಗಳಿದ್ದವು. ಬೋರ್ಡ್ ಹೊಸದು ಹಾಕಿಸಬಹುದು, ಆ ಧಾರೆಯನ್ನು ಮತ್ತೆ ಎರೆಸಲು ಆಗುತ್ತದೆಯೇ? ಆ ಮನೆಯವರ ಬಾಯಿಮಾತಿನಿಂದ ಬರಬೇಕಿದ್ದ ಮುಂದಿನ ಆರ್ಡರುಗಳೂ ನಿಂತವು.

ನಮಗೆ ಎಷ್ಟು ವಾಟ್ ಬೇಕು?

ಹಾಗೆಂದು 850 ವಾಟ್‌ನದು ತರಬೇಕಿಲ್ಲ. ಕಾಗದ, ಪೆನ್ನು ಹಿಡಿದು ಕೂಡಿಸಿದರೆ ಸಾಕು. ನಾನು ಆರಿಸಿದ್ದು ರೈಜನ್ 5 5600ಜಿ. ಅದರ ಡಬ್ಬಿಯ ಮೇಲೆ 65 ವಾಟ್ ಎಂದಿದ್ದರೂ ಪೂರ್ತಿ ದುಡಿಯುವಾಗ 88 ವಾಟ್‌ವರೆಗೆ ಎಳೆಯುತ್ತದೆ. ಮುಂದೆ ಕೈಯಲ್ಲಿ ದುಡ್ಡಾದಾಗ ಆರ್‌ಟಿಎಕ್ಸ್ 3060 ಹಾಕುವ ಆಸೆ. ಅದಕ್ಕೆ 170 ವಾಟ್. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್, ಫ್ಯಾನುಗಳಿಗೆ ಧಾರಾಳವಾಗಿ 60 ಇಟ್ಟರೆ ಒಟ್ಟು 318 ವಾಟ್. ಗ್ರಾಫಿಕ್ಸ್ ಕಾರ್ಡ್ ಕಣ್ಣು ಮಿಟುಕಿಸುವುದರೊಳಗೆ ತನ್ನ ಲೆಕ್ಕ ಮೀರಿ ಎಳೆದು ಸುಮ್ಮನಾಗುವುದುಂಟು. ಎಸ್‌ಎಂಪಿಎಸ್‌ಗೂ ವಯಸ್ಸಾಗುತ್ತದೆ. ಹೀಗಾಗಿ ಮೂರರಲ್ಲೊಂದು ಪಾಲಾದರೂ ಹೆಚ್ಚು ಇರಲಿ. ಆ ಕಾರ್ಡಿಗೆ ಎನ್‌ವಿಡಿಯಾ ಸೂಚಿಸುವುದೂ 550 ವಾಟ್‌ನ ಎಸ್‌ಎಂಪಿಎಸ್.

ವೈರುಗಳನ್ನೂ ಎಣಿಸಿಕೊಳ್ಳಿ. ಮದರ್‌ಬೋರ್ಡಿಗೆ 24 ಪಿನ್, ಪ್ರೊಸೆಸರಿಗೆ 4+4 ಪಿನ್, ಕಾರ್ಡಿಗೆ 6 ಅಥವಾ 8 ಪಿನ್ ಬೇಕು. ಮದರ್‌ಬೋರ್ಡಿನ ಸ್ಲಾಟ್ ತಾನಾಗಿ ಕೊಡುವುದು 75 ವಾಟ್ ಮಾತ್ರ. 6 ಪಿನ್‌ನ ವೈರು ಇನ್ನೂ 75, 8 ಪಿನ್‌ನದು 150 ವಾಟ್ ಕೊಡುತ್ತದೆ. ಕಾರ್ಡಿಗೆ ಬೇಕಾದ ಪಿನ್ ಇಲ್ಲವೆಂದು ಹಾರ್ಡ್ ಡಿಸ್ಕಿನ ವೈರಿಗೆ ಕನ್ವರ್ಟರ್ ಸಿಕ್ಕಿಸಿ ಹೊಂದಿಸುವುದು ಬೇಡ, ವೈರು ಕಾದು ಕರಗುತ್ತದೆ. ಬಿಚ್ಚಿ ಹಾಕುವ ಮಾಡ್ಯುಲರ್ ವೈರುಗಳನ್ನು ಒಂದು ಕಂಪನಿಯದಕ್ಕೆ ಇನ್ನೊಂದು ಕಂಪನಿಯದು ಹಾಕಬಾರದು. ನೋಡಲು ಒಂದೇ ಥರ ಇದ್ದರೂ ಒಳಗಿನ ಪಿನ್ ಜೋಡಣೆ ಬೇರೆ ಇರುತ್ತದೆ.

ಕಂಚು, ಚಿನ್ನದ ಮುದ್ರೆ

2004ರಲ್ಲಿ ಶುರುವಾದ ‘80 ಪ್ಲಸ್’ ಎಂಬ ಮುದ್ರೆ ಈಗ ಎಲ್ಲೆಡೆ ಕಾಣುತ್ತದೆ. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ತಲುಪುತ್ತದೆ, ಎಷ್ಟು ಬಿಸಿಯಾಗಿ ಹೋಗುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. 115 ವೋಲ್ಟ್‌ನ ಪರೀಕ್ಷೆಯಲ್ಲಿ ಅರ್ಧ ಲೋಡ್ ಇದ್ದಾಗ ಬ್ರಾಂಜ್‌ಗೆ ಶೇ 85, ಗೋಲ್ಡ್‌ಗೆ ಶೇ 90 ದಕ್ಷತೆ ಇರಬೇಕು.

ಇದು ನಮ್ಮ ಬಿಲ್ಲಿಗೂ ಸಂಬಂಧಿಸಿದ ಮಾತು. ಕಂಪ್ಯೂಟರಿಗೆ 200 ವಾಟ್ ಬೇಕು, ದಿನಕ್ಕೆ ಐದು ಗಂಟೆ ಕೆಲಸ ಎಂದಿಟ್ಟುಕೊಳ್ಳಿ. ಶೇ 70 ದಕ್ಷತೆಯದು ಗೋಡೆಯಿಂದ 286 ವಾಟ್ ಎಳೆಯುತ್ತದೆ, ತಿಂಗಳಿಗೆ ಸುಮಾರು 43 ಯೂನಿಟ್. ಶೇ 85ರದು ಎಳೆಯುವುದು 235 ವಾಟ್, ಸುಮಾರು 35 ಯೂನಿಟ್. ವರ್ಷಕ್ಕೆ ತೊಂಬತ್ತು ಯೂನಿಟ್ ವ್ಯತ್ಯಾಸ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಮನೆಮನೆಯಲ್ಲೂ ಯೂನಿಟ್ ಮಿತಿಯ ಲೆಕ್ಕ ನಡೆಯುತ್ತಿದೆ. ಹಳೆಯ ಸರಾಸರಿ ಬಳಕೆಯ ಮೇಲೆ ಮಿತಿ ನಿಂತಿರುವಾಗ ಹೊಸದಾಗಿ ಬಂದ ಕಂಪ್ಯೂಟರ್ ಅದನ್ನು ದಾಟಿಸಿಬಿಡಬಹುದು. ಅಮ್ಮನ ಮೊದಲ ಪ್ರಶ್ನೆಯೇ ‘ಇದು ಎಷ್ಟು ಕರೆಂಟ್ ತಿನ್ನುತ್ತೆ?’ ಎಂಬುದಾಗಿತ್ತು.

ಆದರೆ ಮುದ್ರೆಯೊಂದನ್ನೇ ನಂಬಬೇಡಿ. ಆ ಪರೀಕ್ಷೆ ನಡೆಯುವುದು 23 ಡಿಗ್ರಿ ಆಸುಪಾಸಿನ ತಂಪು ಕೋಣೆಯಲ್ಲಿ. ಏಪ್ರಿಲ್ ತಿಂಗಳ ಭದ್ರಾವತಿಯಲ್ಲಿ, ಅದೂ ಕ್ಯಾಬಿನೆಟ್ ಒಳಗೆ, 23 ಡಿಗ್ರಿ ಎಲ್ಲಿಂದ ಬರಬೇಕು? ಒಳಗಿನ ಕೆಪಾಸಿಟರ್ 105 ಡಿಗ್ರಿಯದೋ 85ರದೋ, ಶಾರ್ಟ್ ಆದರೆ, ವೋಲ್ಟೇಜ್ ಏರಿದರೆ, ಬಿಸಿ ಹೆಚ್ಚಾದರೆ ತಾನಾಗಿ ಆಫ್ ಆಗುವ ರಕ್ಷಣೆ ಇದೆಯೋ ಎಂಬುದನ್ನು ಮುದ್ರೆ ಹೇಳುವುದಿಲ್ಲ. ಡಬ್ಬಿಯ ವಿವರದಲ್ಲಿ ಹುಡುಕಬೇಕು. ವಾರಂಟಿ ಒಳ್ಳೆಯ ಸುಳಿವು. ತನ್ನ ಸರಕಿನ ಮೇಲೆ ನಂಬಿಕೆ ಇರುವ ಕಂಪನಿಯೇ ಐದು ವರ್ಷ ವಾರಂಟಿ ಕೊಡುವುದು. ಬಿಐಎಸ್ ನೋಂದಣಿಯ ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಲೇಬಲ್ ಮೇಲಿದ್ದರೆ, ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ಅಂಗಡಿಯಲ್ಲೇ ಪರೀಕ್ಷಿಸಬಹುದು.

ನಮ್ಮೂರಿನ ಕರೆಂಟ್

ಶರಾವತಿ ವಿದ್ಯುದಾಗಾರವೊಂದೇ 1035 ಮೆಗಾವಾಟ್ ಸಾಮರ್ಥ್ಯದ್ದು. ನಾಡಿಗೆ ಬೆಳಕು ಕೊಡುವ ಜಿಲ್ಲೆ ನಮ್ಮದು. ಆದರೂ ಮಲೆನಾಡಿನ ಮಳೆಗೆ ಮರದ ಕೊಂಬೆ ತಂತಿಯ ಮೇಲೆ ಬಿತ್ತೆಂದರೆ ಕರೆಂಟ್ ಹೋಗಲೇಬೇಕು. ಹೋಗುವುದಕ್ಕಿಂತ ತಿರುಗಿ ಬರುವಾಗಿನ ಏರಿಳಿತವೇ ಹೆಚ್ಚು ಅಪಾಯ. ಹೀಗಾಗಿ ಬೆಂಗಳೂರಿನವರು ಹೇಳಿದ್ದಕ್ಕಿಂತ ನಾಲ್ಕು ಮಾತು ಹೆಚ್ಚಾಗಿ ನಾವು ತಿಳಿದಿರಬೇಕು.

ಮೊದಲನೆಯದು ವೋಲ್ಟೇಜ್. ಲೇಬಲ್ಲಿನ ಇನ್‌ಪುಟ್ ಸಾಲಿನಲ್ಲಿ ‘100–240’ ಎಂದಿರುವ, ಆ್ಯಕ್ಟಿವ್ ಪಿಎಫ್‌ಸಿ ಇರುವ ಎಸ್‌ಎಂಪಿಎಸ್ ವೋಲ್ಟೇಜ್ ಕುಸಿದರೂ ಸಂಭಾಳಿಸುತ್ತದೆ. ಹಳ್ಳಿಯ ಮನೆಗೆ ಒಯ್ಯುವವರು ಇದನ್ನು ನೋಡಲೇಬೇಕು. ಹಿಂಭಾಗದಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಅದು ಹಳೆಯ ವಿನ್ಯಾಸ. ಆ ಸ್ವಿಚ್ 115ರ ಕಡೆಗಿದ್ದಾಗ ನಮ್ಮ ಪ್ಲಗ್‌ಗೆ ಹಾಕಿದರೆ ಅಲ್ಲಿಗೇ ಅದರ ಆಯುಷ್ಯ ಮುಗಿಯಿತು.

ಎರಡನೆಯದು ಇನ್ವರ್ಟರ್. ಕರೆಂಟ್ ಹೋದಾಗ ಒಳ್ಳೆಯ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತಿನಿಂದ ಪೂರ್ತಿ ಲೋಡ್‌ನಲ್ಲೂ ಸುಮಾರು 16 ಮಿಲಿಸೆಕೆಂಡ್ ಕಂಪ್ಯೂಟರನ್ನು ನಡೆಸಬಲ್ಲದು. ಅಷ್ಟರೊಳಗೆ ಯುಪಿಎಸ್ ಹೊರೆ ಹೊತ್ತುಕೊಳ್ಳಬೇಕು. ಮನೆಯ ಇನ್ವರ್ಟರಿನಲ್ಲಿ ‘ಯುಪಿಎಸ್ ಮೋಡ್’ ಇದ್ದರೆ ಅದನ್ನೇ ಹಾಕಿ. ಫ್ಯಾನು, ದೀಪಕ್ಕೆಂದಿರುವ ಸಾಮಾನ್ಯ ಮೋಡ್ ನಿಧಾನ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಆ್ಯಕ್ಟಿವ್ ಪಿಎಫ್‌ಸಿ ಇರುವ ಎಸ್‌ಎಂಪಿಎಸ್‌ಗೆ ಸೈನ್ ವೇವ್ ಇನ್ವರ್ಟರ್ ಉತ್ತಮ. ಅಂಗಡಿಗಳಲ್ಲಿ ಸಿಗುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವಾಟ್. ಕಾರ್ಡ್ ಇಲ್ಲದ ಯಂತ್ರಕ್ಕೆ ಅದು ಸಾಕು, ಕಾರ್ಡ್ ಹಾಕಿದ ಮೇಲೆ ಸಾಲದು.

ಮೂರನೆಯದು ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ರೂಮಿನಲ್ಲಿರುವ ಹುಡುಗರು ಹೇಳುವುದನ್ನು ಕೇಳಿದ್ದೇನೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಒಂದಿಷ್ಟು ಕರೆಂಟನ್ನು ಅರ್ಥ್ ತಂತಿಗೆ ಬಿಡುವುದು ಸಹಜ. ಸಾಕೆಟ್ಟಿನಲ್ಲಿ ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ತಗಡಿನಲ್ಲೇ ನಿಲ್ಲುತ್ತದೆ. ಎರಡು ಪಿನ್‌ನ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ಸಾಗಹಾಕದೆ, ರೂಮು ಹಿಡಿಯುವಾಗಲೇ ಓನರ್ ಬಳಿ ಅರ್ಥಿಂಗ್ ಬಗ್ಗೆ ಕೇಳಿ.

ನಾಲ್ಕನೆಯದು ಗುಡುಗು, ಸಿಡಿಲು. ಏಪ್ರಿಲ್, ಮೇ ಸಂಜೆಗಳ ಸಿಡಿಲಿಗೆ ಎಂಥ ದುಬಾರಿ ಎಸ್‌ಎಂಪಿಎಸ್ ಕೂಡ ಗುರಾಣಿಯಲ್ಲ. ಮೋಡ ಕಟ್ಟಿದಾಗಲೇ ಪ್ಲಗ್ ಕಿತ್ತಿಡಿ, ಬ್ರಾಡ್‌ಬ್ಯಾಂಡಿನ ವೈರನ್ನೂ ತೆಗೆದಿಡಿ. ಇನ್ನೊಂದು ಮಾತು: ಪ್ಲಗ್ ತೆಗೆದ ಮೇಲೂ ಎಸ್‌ಎಂಪಿಎಸ್ ಒಳಗೆ ಸಾಯಿಸುವಷ್ಟು ವಿದ್ಯುತ್ ಉಳಿದಿರಬಹುದು. ದೂಳು ಒರೆಸುವ ನೆಪದಲ್ಲೂ ಅದರ ಸ್ಕ್ರೂ ಬಿಚ್ಚಬೇಡಿ.

ಕೊನೆಗೆ ಕೊಂಡದ್ದು

ಐವತ್ತು ಸಾವಿರದಲ್ಲಿ ಎಲ್ಲವೂ ಬರಲಿಲ್ಲ. ಅಂಗಡಿಯವರು ಎರಡು ದಾರಿ ಮುಂದಿಟ್ಟರು. ಫ್ರೀ ಎಸ್‌ಎಂಪಿಎಸ್ ಜೊತೆ ಚಿಕ್ಕದೊಂದು ಗ್ರಾಫಿಕ್ಸ್ ಕಾರ್ಡ್ ಈಗಲೇ, ಇಲ್ಲವೇ ಕಾರ್ಡ್ ಇಲ್ಲದೆ ಒಳ್ಳೆಯ 550 ವಾಟ್ ಬ್ರಾಂಜ್. ಕಾರ್ಡ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ, ತಮ್ಮನಿಗೆ ಗೇಮ್ ಆಡಲೂ ಆಗುತ್ತದೆ. ‘ಅಕ್ಕ, ಕಾರ್ಡ್ ತಗೊ’ ಎಂದು ಅವನು ಬಸ್ಸಿನಲ್ಲೇ ರಗಳೆ ತೆಗೆದಿದ್ದ. ಆದರೂ ನಾನು ಎರಡನೆಯದನ್ನೇ ಆರಿಸಿದೆ. ಕಾರ್ಡ್ ನಾಳೆ ಹಾಕಬಹುದು. ಎಸ್‌ಎಂಪಿಎಸ್ ಚೆನ್ನಾಗಿದ್ದರೆ ಈ ಕಂಪ್ಯೂಟರ್ ಹಳತಾದ ಮೇಲೂ ಮುಂದಿನದಕ್ಕೆ ದುಡಿಯುತ್ತದೆ. ನಾಲ್ಕು ಸಾವಿರ ಚಿಲ್ಲರೆ ಆಯಿತು, ಐದು ವರ್ಷದ ವಾರಂಟಿ ಬಂತು. ಸೀರಿಯಲ್ ನಂಬರ್ ಸಮೇತ ಬಿಲ್ ಬರೆಸಿಕೊಂಡೆ.

ಒಂದು ಮಳೆಗಾಲ ಕಳೆದಿದೆ. ರೆಂಡರ್ ನಿಧಾನ, ನಿಜ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಮುಗಿದಿರುತ್ತದೆ. ಎರಡು ನಾಮಕರಣ, ಒಂದು ಗೃಹಪ್ರವೇಶದ ವಿಡಿಯೊ ಮುಗಿಸಿಕೊಟ್ಟಿದ್ದೇನೆ. ಬಂದ ಹಣದಲ್ಲಿ ಅಮ್ಮನ ಚೀಟಿಯ ಕಂತು ಸ್ವಲ್ಪ ತೀರಿದೆ, ಕಾರ್ಡಿನ ದುಡ್ಡು ಸ್ವಲ್ಪ ಕೂಡಿದೆ. ಈಗ ಓಣಿಯಲ್ಲಿ ಯಾರಾದರೂ ಕಂಪ್ಯೂಟರ್ ಕೊಳ್ಳುವುದಿದ್ದರೆ ಪಟ್ಟಿ ಹಿಡಿದು ನಮ್ಮ ಮನೆಗೆ ಬರುತ್ತಾರೆ. ಅಪ್ಪ ಕನ್ನಡಕ ಹಾಕಿಕೊಂಡು ಮೊದಲು ನೋಡುವುದು ಕೊನೆಯ ಸಾಲನ್ನೇ.

ನಿಮ್ಮ ಪಟ್ಟಿಯ ಕೊನೆಯ ಸಾಲಿನಲ್ಲಿ ಏನಿದೆ? ಹಣ ಕೊಡುವ ಮುಂಚೆ ಪೆಟ್ಟಿಗೆಯನ್ನು ಒಮ್ಮೆ ತಿರುಗಿಸಿ, 12 ವೋಲ್ಟ್ ಕೆಳಗಿರುವ ಅಂಕಿಯನ್ನು ಹನ್ನೆರಡರಿಂದ ಗುಣಿಸಿ ನೋಡಿ.