‘ಒಳಗೆ ಬನ್ನಿ’ ಅನ್ನೋ ಮುಂಚೆ ಒಂದ್ನಿಮಿಷ

ಕಳೆದ ಚಳಿಗಾಲದ ಮಾತು. ನಾನು ಲಂಡನ್ ಆಫೀಸಿನಲ್ಲಿ ಮೀಟಿಂಗಲ್ಲಿದ್ದೆ. ಮಿಲ್ಟನ್ ಕೀನ್ಸ್‌ನ ನಮ್ಮ ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು. ಹಾಸನದಿಂದ ಬಂದು ಆರು ವಾರ ಆಗಿತ್ತಷ್ಟೇ. ವಾಟ್ಸಾಪ್‌ನಲ್ಲಿ ಅಮ್ಮನ ಕಾಲ್ ಬಂತು. ಒಮ್ಮೆ ಕಟ್ ಮಾಡಿದೆ, ಮತ್ತೆ ಬಂತು. ಗಾಬರಿಯಾಗಿ ಹೊರಗೆ ಓಡಿ ಬಂದು ಎತ್ತಿದೆ.

“ಪುಟ್ಟಿ, ಯಾರೋ ಬಂದಿದಾರೆ ಕಣೆ. ಕೊರಳಲ್ಲಿ ಕಾರ್ಡ್ ನೇತುಹಾಕ್ಕೊಂಡಿದಾರೆ. ಟಿವಿ, ಟಿವಿ ಅಂತಾರೆ. ರಿಪೇರಿಯವರಾ? ಒಳಗೆ ಕರೆದು ಕೂರಿಸ್ಲಾ? ಹೇಗೂ ಕಾಫಿಗೆ ಇಟ್ಟಿದೀನಿ.”

“ಇರಮ್ಮ, ಫೋನ್ ಅವರಿಗೆ ಕೊಡು” ಅಂದೆ.

ಬಂದಿದ್ದವರು ಟಿವಿ ಲೈಸೆನ್ಸ್ ವಿಚಾರಿಸುವ ಅಧಿಕಾರಿ. ತುಂಬಾ ಮರ್ಯಾದೆಯಿಂದಲೇ ಮಾತಾಡಿದರು. ಈ ವಿಳಾಸಕ್ಕೆ ಲೈಸೆನ್ಸ್ ಇಲ್ಲ, ಅದಕ್ಕೇ ಬಂದೆ ಅಂದರು. “ನಮ್ಮನೇಲಿ ಟಿವಿನೇ ಇಲ್ಲ” ಅಂದೆ. ಫೋನಿನಲ್ಲಿ, ಟ್ಯಾಬಿನಲ್ಲಿ ಯಾರಾದರೂ ಲೈವ್ ಕಾರ್ಯಕ್ರಮ ನೋಡ್ತೀರಾ ಅಂತ ಕೇಳಿದರು. “ಇಲ್ಲ” ಅಂದೆ. ಏನೋ ಬರೆದುಕೊಂಡು, ಥ್ಯಾಂಕ್ಸ್ ಹೇಳಿ ಹೊರಟುಹೋದರು.

ಅಮ್ಮನಿಗೆ ಮಾತ್ರ ಬೇಜಾರು. “ಪಾಪ, ಆ ಚಳೀಲಿ ನಿಂತಿದ್ರು. ಒಂದು ಲೋಟ ಕಾಫಿ ಕೂಡ ಕೊಡಲಿಲ್ಲ ನಾವು.”

ಅವತ್ತು ರಾತ್ರಿ ಕೂತು ಓದಿದಾಗ ಎರಡು ವಿಷಯ ಗೊತ್ತಾಯಿತು. ಒಂದು, ಅವರನ್ನು ಒಳಗೆ ಕರೆಯಲೇಬೇಕು ಅನ್ನುವ ಕಾನೂನು ಇಲ್ಲ. ಇನ್ನೊಂದು, ನಾನು ಅವರಿಗೆ ಹೇಳಿದ್ದು ಸುಳ್ಳು.

ಟಿವಿ ಇಲ್ಲ, ಆದರೂ ಲೈಸೆನ್ಸ್ ಬೇಕು!

ಬ್ರಿಟನ್‌ನಲ್ಲಿ ಟಿವಿ ಲೈಸೆನ್ಸ್ ಅಂದರೆ ಟಿವಿ ಡಬ್ಬಿಗೆ ಕಟ್ಟುವ ತೆರಿಗೆ ಅಂತಲೇ ನಾವೆಲ್ಲ ಅಂದುಕೊಂಡಿರ್ತೀವಿ. ಅಲ್ಲ. ನೀವು ಏನು ನೋಡ್ತೀರಿ ಅನ್ನೋದರ ಮೇಲೆ ಅದು ನಿಂತಿದೆ. ಯಾವುದೇ ಚಾನೆಲ್ಲಿನ ಕಾರ್ಯಕ್ರಮವನ್ನು ಅದು ಪ್ರಸಾರವಾಗುತ್ತಿರುವ ಹೊತ್ತಿಗೇ ನೋಡಿದರೆ ಅಥವಾ ರೆಕಾರ್ಡ್ ಮಾಡಿಕೊಂಡರೆ ಲೈಸೆನ್ಸ್ ಬೇಕು. ಬಿಬಿಸಿಯ ಐಪ್ಲೇಯರ್ ಆ್ಯಪ್‌ನಲ್ಲಿ ಹಳೆಯ ಕಾರ್ಯಕ್ರಮ ನೋಡೋದಕ್ಕೂ 2016ರ ಸೆಪ್ಟೆಂಬರ್‌ನಿಂದ ಬೇಕು. ಟಿವಿ, ಲ್ಯಾಪ್‌ಟಾಪ್, ಫೋನ್, ಯಾವುದರಲ್ಲಿ ನೋಡಿದರೂ ಒಂದೇ.

ಚಾನೆಲ್ ಬ್ರಿಟನ್ನಿನದೇ ಆಗಿರಬೇಕು ಅಂತಲೂ ಇಲ್ಲ. ನಮ್ಮ ಕನ್ನಡ ನ್ಯೂಸ್ ಚಾನೆಲ್ಲನ್ನು ಯೂಟ್ಯೂಬಲ್ಲಿ ಲೈವ್ ಹಾಕಿದರೂ ಅಷ್ಟೇ, ಆ್ಯಪ್‌ನಲ್ಲಿ ಐಪಿಎಲ್ ಮ್ಯಾಚ್ ಲೈವ್ ನೋಡಿದರೂ ಅಷ್ಟೇ.

ಹಾಗಾದರೆ ಯಾವುದಕ್ಕೆ ಬೇಡ? ನೆಟ್‌ಫ್ಲಿಕ್ಸ್, ಪ್ರೈಮ್ ಥರದ ಕಡೆ ನಮಗೆ ಬೇಕಾದಾಗ ಹಾಕಿಕೊಂಡು ನೋಡುವ ಸಿನಿಮಾ, ಸೀರೀಸ್‌ಗೆ ಬೇಡ. ಯೂಟ್ಯೂಬಿನ ಮಾಮೂಲಿ ವಿಡಿಯೋಗಳಿಗೆ ಬೇಡ. ಡಿವಿಡಿಗೆ, ಗೇಮ್‌ಗೆ, ರೇಡಿಯೋಗೆ ಬೇಡ. ಮನೆಯಲ್ಲಿ ಐವತ್ತೈದು ಇಂಚಿನ ಟಿವಿ ಇಟ್ಟುಕೊಂಡು ಬರೀ ನೆಟ್‌ಫ್ಲಿಕ್ಸ್ ನೋಡುವವರಿಗೆ ಲೈಸೆನ್ಸ್ ಬೇಡ. ಟಿವಿನೇ ಇಲ್ಲದೆ ಟ್ಯಾಬಿನಲ್ಲಿ ಲೈವ್ ನ್ಯೂಸ್ ನೋಡುವವರಿಗೆ ಬೇಕು!

ಇದನ್ನು ಓದಿ ಅಮ್ಮನನ್ನು ಕೇಳಿದೆ: “ಅಮ್ಮ, ನಾವು ಆಫೀಸಿಗೆ ಹೋದ್ಮೇಲೆ ಟ್ಯಾಬಲ್ಲಿ ಏನು ನೋಡ್ತೀಯ?”

“ಬೆಳಗ್ಗೆ ನ್ಯೂಸು. ಮಧ್ಯಾಹ್ನ ಎರಡೂವರೆಗೆ ಸೀರಿಯಲ್ಲು. ಊರಲ್ಲಿ ಆಗ ರಾತ್ರಿ ಎಂಟು ಗಂಟೆ ಅಲ್ವಾ? ನಿಮ್ಮ ಚಿಕ್ಕಮ್ಮನೂ ಅಲ್ಲಿ ನೋಡ್ತಿರ್ತಾಳೆ. ಮುಗಿದ್ಮೇಲೆ ಇಬ್ಬರೂ ಫೋನಲ್ಲಿ ಮಾತಾಡ್ತೀವಿ.”

ಬೇಳೆ ಡಬ್ಬಿಗೆ ಟ್ಯಾಬ್ ಒರಗಿಸಿಕೊಂಡು ಆರು ವಾರದಿಂದ ಅಮ್ಮ ನೋಡುತ್ತಿದ್ದದ್ದು ಲೈವ್ ಟಿವಿ. ಅಧಿಕಾರಿ ಬಾಗಿಲಲ್ಲಿ ನಿಂತಿದ್ದಾಗಲೂ ಅಡುಗೆಮನೆಯಲ್ಲಿ ಅದು ಓಡುತ್ತಲೇ ಇತ್ತಂತೆ.

ಬಾಗಿಲಿಗೆ ಬಂದವರ ಅಧಿಕಾರ ಎಷ್ಟು?

ಟಿವಿ ಲೈಸೆನ್ಸಿಂಗ್ ಅನ್ನೋದು ಲೈಸೆನ್ಸ್ ಹಣ ವಸೂಲಿಗೆ ಬಿಬಿಸಿ ಬಳಸುವ ಹೆಸರು. ಮನೆಮನೆಗೆ ಬರುವವರು ಬಿಬಿಸಿ ಕೆಲಸ ವಹಿಸಿಕೊಟ್ಟಿರುವ ಖಾಸಗಿ ಕಂಪನಿಯ ನೌಕರರು. ಅವರು ಪೊಲೀಸರಲ್ಲ. ಜಪ್ತಿ ಮಾಡಿ ಸಾಮಾನು ಎತ್ತಿಕೊಂಡು ಹೋಗುವ ಅಮೀನರೂ ಅಲ್ಲ.

ಬಂದವರ ಗುರುತಿನ ಚೀಟಿ ಕೇಳಿ, ತೋರಿಸ್ತಾರೆ. ಅನುಮಾನ ಇದ್ದರೆ ಬಾಗಿಲು ಹಾಕಿಕೊಂಡೇ ಅಧಿಕೃತ ವೆಬ್‌ಸೈಟಿನಲ್ಲಿರುವ ನಂಬರಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಬಹುದು.

ನಿಮ್ಮ ಒಪ್ಪಿಗೆ ಇಲ್ಲದೆ ಅವರು ಹೊಸ್ತಿಲು ದಾಟುವ ಹಾಗಿಲ್ಲ. “ಬೇಡ” ಅನ್ನೋದಕ್ಕೆ ಕಾರಣ ಕೊಡಬೇಕಾಗಿಲ್ಲ. ಒಳಗೆ ಕರೆದ ಮೇಲೆ ಮನಸ್ಸು ಬದಲಾದರೂ “ದಯವಿಟ್ಟು ಹೊರಡಿ” ಅನ್ನಬಹುದು, ಆಗ ಅವರು ಹೊರಡಬೇಕು.

ಅವರ ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕು ಅಂತಲೂ ಇಲ್ಲ. ತಪ್ಪು ನಡೆದಿದೆ ಅಂತ ಅನುಮಾನ ಬಂದರೆ ಅವರು ಮೊದಲು ಒಂದು ಎಚ್ಚರಿಕೆಯ ಮಾತು ಓದ್ತಾರೆ. ಸಿನಿಮಾದಲ್ಲಿ ಬ್ರಿಟಿಷ್ ಪೊಲೀಸರು ಹೇಳ್ತಾರಲ್ಲ, ಅದೇ: ನೀವು ಏನೂ ಹೇಳಬೇಕಾಗಿಲ್ಲ, ಹೇಳಿದ್ದು ಸಾಕ್ಷಿಯಾಗಬಹುದು ಅಂತ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಇನ್ನೂ ಒಂದು ಸಾಲು ಸೇರುತ್ತೆ: ಈಗ ಹೇಳದೆ ಬಿಟ್ಟಿದ್ದನ್ನು ಕೋರ್ಟಿನಲ್ಲಿ ಹೇಳಿದರೆ ಅದು ನಿಮ್ಮ ವಾದಕ್ಕೆ ಹಿನ್ನಡೆ ಆಗಬಹುದು. ಆ ಮಾತು ಕಿವಿಗೆ ಬಿತ್ತು ಅಂದರೆ ಇದು ಲೋಕಾಭಿರಾಮದ ಮಾತುಕತೆ ಅಲ್ಲ ಅಂತ ಅರ್ಥ. ನೀವು ಹೇಳಿದ್ದನ್ನು ಬರೆದುಕೊಂಡು ಸಹಿ ಕೇಳ್ತಾರೆ. ಅರ್ಥವಾಗದ್ದಕ್ಕೆ, ಓದದೇ ಇರೋದಕ್ಕೆ ಸಹಿ ಹಾಕಬೇಡಿ. ಸಹಿ ಹಾಕಲೇಬೇಕು ಅನ್ನುವ ಕಾನೂನೂ ಇಲ್ಲ.

ನಿಂತ ಜಾಗದಲ್ಲೇ ದುಡ್ಡು ಕಟ್ಟುವ ಆತುರವೂ ಬೇಡ. ಲೈಸೆನ್ಸ್ ಬೇಕು ಅಂತಾದರೆ ಆಮೇಲೆ ನೀವೇ ಆನ್‌ಲೈನ್‌ನಲ್ಲಿ ತೊಗೊಬಹುದು.

ವಾರಂಟ್ ತಂದರೆ?

ಆಗ ಮಾತು ಬೇರೆ. 2003ರ ಕಮ್ಯುನಿಕೇಷನ್ಸ್ ಆ್ಯಕ್ಟ್ ಪ್ರಕಾರ, ಅಪರಾಧ ನಡೆದಿದೆ ಅಂತ ನಂಬಲು ಸಕಾರಣ ಇದ್ದರೆ ಮ್ಯಾಜಿಸ್ಟ್ರೇಟರು ಮನೆ ಶೋಧಕ್ಕೆ ವಾರಂಟ್ ಕೊಡಬಹುದು. ಸ್ಕಾಟ್‌ಲೆಂಡಿನಲ್ಲಿ ಶೆರಿಫ್ ಕೊಡ್ತಾರೆ. ಅದು ಒಂದು ತಿಂಗಳು ಊರ್ಜಿತ. ವಾರಂಟನ್ನು ಓದಿ, ವಿಳಾಸ, ತಾರೀಖು ನೋಡಿ. ಸರಿಯಿದ್ದರೆ ದಾರಿ ಬಿಡಿ. ಬೇಕೂಂತ ಅಡ್ಡಿ ಮಾಡಿದರೆ ಅದೇ ಇನ್ನೊಂದು ಅಪರಾಧ ಆಗುತ್ತೆ. ಆದರೆ “ವಾರಂಟ್ ತರ್ತೀವಿ” ಅನ್ನುವ ಮಾತು ಬೇರೆ, ಕೈಯಲ್ಲಿರುವ ವಾರಂಟ್ ಬೇರೆ. ಎರಡನ್ನೂ ಒಂದೇ ಅಂದುಕೊಂಡು ಹೆದರಬೇಡಿ.

ಬಾಗಿಲು ತೆಗೆಯೋರು ಯಾರು?

ಬೇಕಿದ್ದೂ ಲೈಸೆನ್ಸ್ ಇಲ್ಲದೆ ನೋಡೋದು ಕ್ರಿಮಿನಲ್ ಅಪರಾಧ. ದಂಡ 1,000 ಪೌಂಡ್‌ವರೆಗೆ ಹೋಗಬಹುದು, ಕೋರ್ಟ್ ಖರ್ಚು ಬೇರೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಇಂಥ ಬಹಳಷ್ಟು ಕೇಸುಗಳನ್ನು ಒಬ್ಬರೇ ಮ್ಯಾಜಿಸ್ಟ್ರೇಟರು ಕಾಗದಪತ್ರ ನೋಡಿಯೇ ತೀರ್ಮಾನಿಸ್ತಾರೆ. ಪೋಸ್ಟಿನಲ್ಲಿ ಬಂದ ನೋಟಿಸಿಗೆ ಉತ್ತರ ಕೊಡದಿದ್ದರೆ ನೀವಿಲ್ಲದೆಯೇ ಮುಗಿದುಹೋಗುತ್ತೆ. ವೀಸಾ ಅರ್ಜಿಯಲ್ಲಿ ಹಿಂದಿನ ಶಿಕ್ಷೆಗಳ ಬಗ್ಗೆ ಪ್ರಶ್ನೆ ಇರುತ್ತೆ ಅನ್ನೋದನ್ನು ನಮ್ಮಂಥವರು ಮರೆಯೋ ಹಾಗಿಲ್ಲ.

ಓದುತ್ತಾ ನಾನು ತಡೆದು ನಿಂತದ್ದು ಇಲ್ಲಿ: ಈ ಅಪರಾಧಕ್ಕೆ ಶಿಕ್ಷೆಯಾದವರಲ್ಲಿ ಹಲವು ವರ್ಷಗಳಿಂದ ಸುಮಾರು ಮುಕ್ಕಾಲು ಪಾಲು ಹೆಂಗಸರು! ಹೆಂಗಸರೇ ಹೆಚ್ಚು ಟಿವಿ ಕಳ್ಳರು ಅಂತಲ್ಲ. ಹಗಲು ಹೊತ್ತು ಮನೆಯಲ್ಲಿರೋರು, ಬೆಲ್ಲಿಗೆ ಓಗೊಟ್ಟು ಬಾಗಿಲು ತೆಗೆಯೋರು, ಕೇಳಿದ್ದಕ್ಕೆ ಉತ್ತರ ಕೊಡೋರು ಅವರು. ಲೈಸೆನ್ಸ್ ಮನೆಗೆ ಸೇರಿದ್ದು, ಆದರೆ ಕೇಸು ಬೀಳೋದು ಬಾಗಿಲಲ್ಲಿ ಮಾತಾಡಿದ ವ್ಯಕ್ತಿಯ ಮೇಲೆ ಆಗಬಹುದು.

ನಮ್ಮ ಮನೆಗಳನ್ನೇ ನೆನೆಸಿಕೊಳ್ಳಿ. ಡಿಪೆಂಡೆಂಟ್ ವೀಸಾದಲ್ಲಿ ಬಂದ ಹೆಂಡತಿ, ಬಾಣಂತನಕ್ಕೆ ಬಂದ ಅಮ್ಮ, ಮೊಮ್ಮಗನನ್ನು ನೋಡಿಕೊಳ್ಳೋಕೆ ಬಂದ ಅತ್ತೆ. ಬಂದವರನ್ನು ಹೊರಗೆ ನಿಲ್ಲಿಸಿ ಮಾತಾಡಿಸೋದು ಅವರಿಗೆ ಗೊತ್ತೇ ಇಲ್ಲ. ನಾವು ಅವರಿಗೆ ಬಾಯ್ಲರ್ ಹಾಕೋದು ಹೇಳಿಕೊಟ್ಟಿರ್ತೀವಿ, ಕಸದ ಡಬ್ಬಿಯ ಬಣ್ಣ ಹೇಳಿಕೊಟ್ಟಿರ್ತೀವಿ. ಇದನ್ನು ಹೇಳಿಕೊಟ್ಟಿರೋದಿಲ್ಲ.

ಹಕ್ಕು ಇದೆ, ಆದರೆ...

ಇಷ್ಟು ಓದಿ “ಓಹೋ, ಬಾಗಿಲು ತೆಗೀದಿದ್ದರೆ ಆಯ್ತು, ಬಚಾವ್” ಅಂದುಕೊಂಡರೆ ತಪ್ಪಾಗುತ್ತೆ. ಹೊಸ್ತಿಲಿನ ಹಕ್ಕು ಲೈಸೆನ್ಸ್ ಬೇಕಾದವರಿಗೂ ಇದೆ, ಬೇಡದವರಿಗೂ ಇದೆ. ಆದರೆ ಆ ಹಕ್ಕು ಕಟ್ಟಬೇಕಾದ ದುಡ್ಡನ್ನು ಮಾಫಿ ಮಾಡೋದಿಲ್ಲ. ಹಾಗಾಗಿ ಬೆಲ್ ಆಗುವ ಮುಂಚೆಯೇ ಮನೆಯವರೆಲ್ಲ ಕೂತು ಲೆಕ್ಕ ಹಾಕಿ: ಇಲ್ಲಿ ಯಾರಾದರೂ ಲೈವ್ ನೋಡ್ತಾರಾ? ಐಪ್ಲೇಯರ್ ಬಳಸ್ತಾರಾ?

ಹೌದಾದರೆ ಕಟ್ಟಿಬಿಡಿ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 174.50 ಪೌಂಡ್ ಆಗಿತ್ತು. ದರ ಬದಲಾಗುತ್ತಿರುತ್ತೆ, ಕಟ್ಟುವಾಗ ನೋಡಿಕೊಳ್ಳಿ. ತಿಂಗಳ ಕಂತಿನಲ್ಲೂ ಕಟ್ಟಬಹುದು. ಒಂದು ಕುಟುಂಬ ಇರುವ ಮನೆಗೆ ಒಂದು ಸಾಕು. ನಾಲ್ಕು ಜನ ಹುಡುಗರು ಸೇರಿ ಒಂದೇ ಬಾಡಿಗೆ ಕರಾರು ಮಾಡಿಕೊಂಡಿದ್ದರೂ ಸಾಮಾನ್ಯವಾಗಿ ಒಂದು ಸಾಕು. ರೂಮಿಗೊಂದು ಕರಾರು ಇದ್ದು, ಅವರವರ ರೂಮಲ್ಲಿ ನೋಡಿದರೆ ಒಬ್ಬೊಬ್ಬರಿಗೂ ಬೇಕಾಗಬಹುದು. ಅವಧಿಗೆ ಮುಂಚೆ ಊರಿಗೆ ವಾಪಸ್ ಹೊರಟರೆ, ಬಳಸದೆ ಉಳಿದ ಪೂರ್ತಿ ತಿಂಗಳುಗಳ ಹಣ ವಾಪಸ್ ಕೇಳಬಹುದು. ಎಷ್ಟೋ ಜನ ಇದನ್ನು ಕೇಳದೆಯೇ ವಿಮಾನ ಹತ್ತಿಬಿಡ್ತಾರೆ.

ಇಲ್ಲವಾದರೆ “ನಮಗೆ ಲೈಸೆನ್ಸ್ ಬೇಡ” ಅಂತ ವೆಬ್‌ಸೈಟಿನಲ್ಲಿ ತಿಳಿಸಬಹುದು. ಹಾಗೆ ತಿಳಿಸೋದು ಕಡ್ಡಾಯ ಅಲ್ಲ. ತಿಳಿಸಿದ ಮೇಲೂ ಪರೀಕ್ಷೆಗೆ ಬರಬಹುದು, ಬಂದರೂ ಹೊಸ್ತಿಲಿನ ನಿಯಮ ಅದೇ. ‘ಲೀಗಲ್ ಆಕ್ಯುಪೈಯರ್’ ಹೆಸರಿಗೆ ಬರುವ ಕಾಗದಗಳನ್ನು ನಾವು ಮಾಡಿದ ಹಾಗೆ ಓದದೆ ಕಸಕ್ಕೆ ಹಾಕಬೇಡಿ. ಲೈಸೆನ್ಸ್ ಹೆಸರಲ್ಲಿ ಬ್ಯಾಂಕ್ ವಿವರ ಕೇಳುವ ಮೋಸದ ಇಮೇಲ್‌ಗಳೂ ಓಡಾಡ್ತವೆ, ಅವುಗಳ ಲಿಂಕ್ ಒತ್ತಬೇಡಿ.

ನಾವು ಮಾರನೇ ದಿನವೇ ಲೈಸೆನ್ಸ್ ತೊಗೊಂಡ್ವಿ. ನಾನು ಬೇಕೂಂತ ಸುಳ್ಳು ಹೇಳಿರಲಿಲ್ಲ, ನಿಜ. ಆದರೆ “ಇಲ್ಲ” ಅನ್ನುವ ಮುಂಚೆ ಅಮ್ಮನನ್ನು ಒಂದು ಮಾತು ಕೇಳಿರಲೂ ಇಲ್ಲ. ಅವರು ದಿನವಿಡೀ ಒಬ್ಬರೇ ಏನು ಮಾಡ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ದಂಡದ ಭಯಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಅಮ್ಮನಿಗೆ ಎಲ್ಲ ವಿವರಿಸಿದಾಗ ಜೋರಾಗಿ ನಕ್ಕರು. “ಇದೇನು ಹೊಸದಾ? ನಮ್ಮಪ್ಪನ ಕಾಲದಲ್ಲಿ ರೇಡಿಯೋಗೂ ಲೈಸೆನ್ಸ್ ಇತ್ತು. ವರ್ಷವರ್ಷ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಬೇಕಿತ್ತು. ಒಂದ್ಸಲ ಕಟ್ಟಿರಲಿಲ್ಲ. ಇನ್ಸ್‌ಪೆಕ್ಟರ್ ಬಂದಿದಾರೆ ಅಂತ ಸುದ್ದಿ ಬಂದಿದ್ದೇ ನಿಮ್ಮಜ್ಜಿ ರೇಡಿಯೋನ ಸೀರೇಲಿ ಸುತ್ತಿ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟುಬಿಟ್ಟಿದ್ರು.” ನಮ್ಮ ದೇಶದಲ್ಲಿ ರೇಡಿಯೋ, ಟಿವಿ ಲೈಸೆನ್ಸ್ 1980ರ ದಶಕದಲ್ಲಿ ರದ್ದಾಯಿತು. ನನ್ನ ವಯಸ್ಸಿನವರು ಅದನ್ನು ಕೇಳಿಯೇ ಇಲ್ಲ.

ಈಗ ನಮ್ಮ ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿದ್ದೀನಿ. ಕನ್ನಡ ಅಕ್ಷರದಲ್ಲೇ ಇಂಗ್ಲಿಷ್ ಮಾತು: “ಐಡಿ ಪ್ಲೀಸ್. ಮೈ ಡಾಟರ್ ವಿಲ್ ಕಾಲ್ ಯು. ಥ್ಯಾಂಕ್ಯೂ.” ಅಮ್ಮ ಅದನ್ನು ಎರಡು ದಿನ ಓದಿ ಬಾಯಿಪಾಠ ಮಾಡಿದರು.

ಮೂರನೇ ದಿನ ಕೇಳಿದರು: “ಇದನ್ನೆಲ್ಲ ಹೇಳಿದ್ಮೇಲೆ, ಹೊರಗೇ ನಿಲ್ಲಿಸಿ ಕಾಫಿ ಕೊಡಬಹುದು ತಾನೆ?”

ಕೊಡಬಹುದಮ್ಮ. ಅದಕ್ಕೆ ಲೈಸೆನ್ಸ್ ಬೇಡ.