ಜಿ ಪ್ರೋಟೀನಿನ ಮೂರು ಘಟಕಗಳು: ಜೀವಕೋಶದಲ್ಲಿ ಸಂದೇಶವಹನ

ಇತಿಹಾಸವನ್ನು ಬೋಧಿಸುವ ನಾವು ರಾಜಾಜ್ಞೆಯೊಂದು ಹೊರಟ ದಿನವನ್ನು ಗುರುತಿಸುವಷ್ಟು ಆಸಕ್ತಿಯಿಂದ ಅದು ರದ್ದಾದ ದಿನವನ್ನು ಗುರುತಿಸುವುದಿಲ್ಲ. ಜೀವಕೋಶದ ಆಡಳಿತದಲ್ಲಾದರೋ ಆಜ್ಞೆಯ ಅಂತ್ಯವು ಅದರ ಆರಂಭದಷ್ಟೇ ಮುಖ್ಯವಾದುದು. ಇದಕ್ಕೆ ಕಾಲರಾ ರೋಗವೇ ನಿದರ್ಶನ.

ಕಾಲರಾ ರೋಗಾಣುಗಳು ಸ್ರವಿಸುವ ವಿಷವು, ರೋಗಾಣುಗಳಿಲ್ಲದೆಯೂ ಮೊಲದ ಕರುಳಿನಲ್ಲಿ ದ್ರವವನ್ನು ತುಂಬಿಸಬಲ್ಲುದೆಂದು ಕಲ್ಕತ್ತೆಯ ಶಂಭುನಾಥ ಡೇ ಅವರು ೧೯೫೯ರಲ್ಲಿ ತೋರಿಸಿದರು. ಆದರೆ ಆ ವಿಷವು ಕೋಶದೊಳಗೆ ಕೆಡಿಸುವುದೇನನ್ನು? ಈ ಪ್ರಶ್ನೆಗೆ ಉತ್ತರ ದೊರೆತುದು ಹಾರ್ಮೋನುಗಳ ಅಧ್ಯಯನದಿಂದ.

ಅನೇಕ ಹಾರ್ಮೋನುಗಳು ಕೋಶದ ಒಳಹೊಗುವುದಿಲ್ಲ. ಹೊರಪೊರೆಯಲ್ಲಿರುವ ಗ್ರಾಹಕವನ್ನು ಸೇರಿ ನಿಲ್ಲುತ್ತವೆ. ಆಗ ಪೊರೆಯಲ್ಲಿಯ ಕಿಣ್ವವೊಂದು ಒಳಗೆ ಆವರ್ತ ಎ.ಎಂ.ಪಿ. ಎಂಬ ವಸ್ತುವನ್ನು ನಿರ್ಮಿಸುತ್ತದೆ. ಈ ವಸ್ತುವನ್ನು ಕಂಡುಹಿಡಿದ ಅರ್ಲ್ ಸದರ್‌ಲ್ಯಾಂಡರಿಗೆ ೧೯೭೧ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಗ್ರಾಹಕದ ಸುದ್ದಿಯನ್ನು ಕಿಣ್ವಕ್ಕೆ ತಲಪಿಸುವವರಾರು ಎಂಬುದು ಮಾತ್ರ ಉಳಿದಿತ್ತು. ಇದಕ್ಕೆ ಜಿ.ಟಿ.ಪಿ. ಎಂಬ ಅಣು ಅವಶ್ಯಕವೆಂದು ಮಾರ್ಟಿನ್ ರಾಡ್‌ಬೆಲ್ ೧೯೭೧ರಲ್ಲಿ ಸಾಧಿಸಿದರು. ಆ ಅಣುವನ್ನು ಧರಿಸುವ ಪ್ರೋಟೀನನ್ನು ೧೯೮೦ರಲ್ಲಿ ಆಲ್ಫ್ರೆಡ್ ಗಿಲ್‌ಮನ್ನರೂ ಅವರ ಸಂಗಡಿಗರೂ ಶುದ್ಧರೂಪದಲ್ಲಿ ಬೇರ್ಪಡಿಸಿದರು. ೧೯೯೪ರ ನೊಬೆಲ್ ಪಾರಿತೋಷಕವು ಇವರಿಬ್ಬರಿಗೂ ಸಂದಿತು.

ಈ ಪ್ರೋಟೀನಿಗೆ ಆಲ್ಫಾ, ಬೀಟಾ, ಗ್ಯಾಮಾ ಎಂಬ ಮೂರು ಘಟಕಗಳುಂಟು. ವಿಶ್ರಾಂತಿಯಲ್ಲಿ ಮೂರೂ ಕೂಡಿಕೊಂಡು ಪೊರೆಯ ಒಳಮೈಯನ್ನು ಅಂಟಿರುತ್ತವೆ; ಆಲ್ಫಾ ಜಿ.ಡಿ.ಪಿ.ಯನ್ನು ಹಿಡಿದಿರುತ್ತದೆ. ಹಾರ್ಮೋನು ಗ್ರಾಹಕವನ್ನು ಸೇರಿದೊಡನೆ ಜಿ.ಡಿ.ಪಿ. ಕಳಚಿ, ಆ ಸ್ಥಾನಕ್ಕೆ ಜಿ.ಟಿ.ಪಿ. ಬರುತ್ತದೆ. ಆಗ ಆಲ್ಫಾ ಉಳಿದೆರಡರಿಂದ ಬೇರ್ಪಟ್ಟು ಕಿಣ್ವವನ್ನು ಪ್ರಚೋದಿಸುತ್ತದೆ. ಬೀಟಾ-ಗ್ಯಾಮಾ ಜೋಡಿಯೂ ನಿಷ್ಕ್ರಿಯವಲ್ಲ: ಹೃದಯದ ಕೋಶಗಳಲ್ಲಿ ಪೊಟ್ಯಾಸಿಯಂ ನಾಳಗಳನ್ನು ಅದು ತೆರೆಯುವುದೆಂಬುದು ೧೯೮೭ರ ಪ್ರಯೋಗಗಳಿಂದ ತಿಳಿದುಬಂದಿತು. ಹೃದಯದ ಬಡಿತ ನಿಧಾನವಾಗಲು ಇದೂ ಒಂದು ಕಾರಣ.

ಆಜ್ಞೆಯನ್ನು ಕೊನೆಗಾಣಿಸುವುದೂ ಆಲ್ಫಾದ ಕೆಲಸವೇ. ಅದು ಜಿ.ಟಿ.ಪಿ.ಯಿಂದ ಒಂದು ಫಾಸ್ಫೇಟನ್ನು ಕತ್ತರಿಸಿ ಜಿ.ಡಿ.ಪಿ.ಯನ್ನಾಗಿ ಮಾಡುತ್ತದೆ, ಮೂರು ಘಟಕಗಳೂ ಮತ್ತೆ ಒಂದುಗೂಡುತ್ತವೆ.

ಕಾಲರಾ ವಿಷವು ಕೆಡಿಸುವುದು ಈ ಕತ್ತರಿಸುವ ಶಕ್ತಿಯನ್ನೇ. ಅದು ಕರುಳಿನ ಕೋಶದ ಆಲ್ಫಾಕ್ಕೆ ರಾಸಾಯನಿಕ ಗುಂಪೊಂದನ್ನು ತಗುಲಿಸುವುದರಿಂದ, ಒಮ್ಮೆ ಎಚ್ಚೆತ್ತ ಆಲ್ಫಾ ಮತ್ತೆ ವಿರಮಿಸಲಾರದು. ಆವರ್ತ ಎ.ಎಂ.ಪಿ. ಏರುತ್ತಲೇ ಹೋಗುತ್ತದೆ, ಲವಣಗಳು ಕರುಳಿಗೆ ಸುರಿಯುತ್ತವೆ, ನೀರು ಅವನ್ನು ಹಿಂಬಾಲಿಸುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಕೆಲವೇ ಗಂಟೆಗಳಲ್ಲಿ ರೋಗಿಯು ಮೃತ್ಯುಮುಖನಾಗಬಹುದು. ಇಲ್ಲಿ ಕೋಶವನ್ನು ಕೆಡಿಸಿದುದು ಯಾವುದೋ ಹೊಸ ಆಜ್ಞೆಯಲ್ಲ, ಹಳೆಯ ಆಜ್ಞೆಯನ್ನು ಹಿಂತೆಗೆದುಕೊಳ್ಳಲಾರದ ಸ್ಥಿತಿ ಎಂಬುದನ್ನು ನಾವು ಮನಗಾಣಬೇಕು.